ಕಸದ ಲೆಕ್ಕ

ನಮ್ಮ ಮನೆಗೆ ಕಸ ತೂಗುವ ತಕ್ಕಡಿ ಬಂದು ಒಂದು ವರುಷವಾಯಿತು. ಚಿನ್ನ ತೂಗಿಸಿದ್ದುಂಟು, ಕೂಸನ್ನು ತೂಗಿಸಿದ್ದುಂಟು, ರದ್ದಿಯವನು ಹಳೆಯ ಪತ್ರಿಕೆಗಳನ್ನು ತೂಗುವಾಗ ಅವನ ಹೆಬ್ಬೆರಳಿನ ಮೇಲೆ ಕಣ್ಣು ನೆಟ್ಟು ನಿಂತದ್ದೂ ಉಂಟು. ಆದರೆ ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಸ್ಕತ್ತಿನ ಹೊದಿಕೆಯನ್ನೂ ಬೇರೆ ಬೇರೆ ತೂಗಿ ಪಟ್ಟಿ ಬರೆದಿಡುವ ಪ್ರಸಂಗ ಬಂದೀತೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಾವು ಎಂದರೆ ಮನೆಯ ಯಜಮಾನ, ಯಜಮಾನಿತಿ ಇಬ್ಬರೂ; ಲೇಖನಿ ಒಬ್ಬರ ಕೈಯಲ್ಲಿದ್ದರೂ ಮಾತು ಇಬ್ಬರದು.

ಇದಕ್ಕೆಲ್ಲ ಕಾರಣ ಎಂಟನೆಯ ಇಯತ್ತೆಯಲ್ಲಿ ಓದುವ ನಮ್ಮ ಮಗಳು. ಅವಳ ಶಾಲೆಯವರು ಜಪಾನಿನದೊಂದು ಶಾಲೆ ಮತ್ತು ಸ್ಪೇನ್ ದೇಶದ್ದೊಂದು ಶಾಲೆಯ ಜತೆ ಸೇರಿ ಕಸ ಕಡಿಮೆ ಮಾಡುವ ಕೆಲಸವನ್ನು ಕೈಗೊಂಡರು. ಮೂರು ಕಡೆಯ ಮಕ್ಕಳೂ ತಮ್ಮ ತಮ್ಮ ಮನೆಯ ಒಂದು ವಾರದ ಕಸವನ್ನು ಒಂದೇ ನಮೂನೆಯ ಪಟ್ಟಿಯಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ಕಂಪ್ಯೂಟರಿನ ಪರದೆಯ ಮೇಲೆ ಮುಖಾಮುಖಿಯಾಗಿ ಮಾತನಾಡಬೇಕು. ಒಬ್ಬರಿಂದೊಬ್ಬರು ಕಲಿತು ಮುಂದಿನ ವಾರದ ತೂಕ ಇಳಿಸಬೇಕು. ಇಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಸ್ಪೇನಿನಲ್ಲಿ ಬೆಳಗು, ಜಪಾನಿನಲ್ಲಿ ಸಂಜೆ. ಮಗಳು ಡಬ್ಬಿಯ ಚಪಾತಿ ತಿನ್ನುತ್ತಲೇ ಎರಡು ಖಂಡಗಳೊಡನೆ ಕಸದ ಮಾತಾಡಿ ಬರುತ್ತಿದ್ದಳು.

ಇದೆಲ್ಲಿಯ ಹೊಸ ಗೀಳು ಎಂದು ನಾವು ಮೂಗು ಮುರಿದದ್ದು ನಿಜ. ವಿಚಾರಿಸಿ ನೋಡಿದರೆ ಅಷ್ಟು ಹೊಸದೂ ಅಲ್ಲ. 1986ರಲ್ಲಿ ಅಮೆರಿಕೆಯ ಟೆಕ್ಸಾಸಿನಲ್ಲಿ ಲಿಂಡಾ ಮರಾನಿಸ್, ಕ್ಯಾಥಿ ಒಹಾರಾ ಎಂಬ ಇಬ್ಬರು ಮಹಿಳೆಯರು ಕಡಲ ದಂಡೆಯನ್ನು ಚೊಕ್ಕಟ ಮಾಡಲು ಜನರನ್ನು ಕರೆದರು. ಸುಮಾರು 2,800 ಮಂದಿ ಬಂದು 124 ಟನ್ನು ಕಸ ಹೆಕ್ಕಿದರು. ಹೆಕ್ಕಿದ್ದು ದೊಡ್ಡ ಮಾತಲ್ಲ. ಹೆಕ್ಕಿದ್ದನ್ನು ಎಸೆಯುವ ಮೊದಲು ಇದು ಶೀಸೆ, ಇದು ಮುಚ್ಚಳ, ಇದು ಸಿಗರೇಟಿನ ತುಂಡು ಎಂದು ಎಣಿಸಿ ಬರೆದುಕೊಂಡರಲ್ಲ, ಅದು ದೊಡ್ಡದು. 1989ರಲ್ಲಿ ಕೆನಡ, ಮೆಕ್ಸಿಕೋ ಜತೆಗೂಡಿದವು. ಈಗ ನೂರಕ್ಕೂ ಮಿಕ್ಕಿದ ದೇಶಗಳಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಈ ಎಣಿಕೆ ನಡೆಯುತ್ತದೆ, ಶಾಲೆಯ ಮಕ್ಕಳೂ ಸೇರುತ್ತಾರೆ. ಮೂರು ದಶಕಗಳ ಕಾಲ ಪಟ್ಟಿಯ ತಲೆಯಲ್ಲಿದ್ದದ್ದು ಸಿಗರೇಟಿನ ತುಂಡು. 2019ರ ಎಣಿಕೆಯಲ್ಲಿ ತಿಂಡಿ ಪೊಟ್ಟಣಗಳ ಹೊದಿಕೆ ಅದನ್ನು ಹಿಂದೆ ಹಾಕಿತು. ಪೊರಕೆ ಹಿಡಿದವನಿಗೆ ಜಾಗ ಕೊಳೆಯಾಗಿದೆ ಎಂದಷ್ಟೇ ತಿಳಿಯುತ್ತದೆ. ಎಣಿಸಿದವನಿಗೆ ಕೊಳೆ ಯಾರ ಅಂಗಡಿಯಿಂದ ಬಂತೆಂಬುದೂ ತಿಳಿಯುತ್ತದೆ.

ಶಾಲೆಗಳ ಮಟ್ಟದಲ್ಲಿ 1994ರಲ್ಲಿ ಡೆನ್ಮಾರ್ಕ್, ಜರ್ಮನಿ, ಗ್ರೀಸ್, ಬ್ರಿಟನ್ ದೇಶಗಳು ಇಕೋ-ಸ್ಕೂಲ್ಸ್ ಎಂಬ ಏರ್ಪಾಡನ್ನು ಆರಂಭಿಸಿದವು. ಅದರಲ್ಲಿ ಮಕ್ಕಳದೇ ಒಂದು ಸಮಿತಿ ಶಾಲೆಯ ನೀರು, ವಿದ್ಯುತ್ತು, ಕಸಗಳ ತಪಾಸಣೆ ಮಾಡುತ್ತದೆ. ನಮ್ಮ ದೇಶಕ್ಕೂ ಅದು ಬಂದಿದೆ. ಇನ್ನು ಬಾಲಿ ದ್ವೀಪದ ಅಕ್ಕತಂಗಿಯರಾದ ಮೆಲಾಟಿ ಮತ್ತು ಇಸಾಬೆಲ್ ವೈಸೆನ್ ಅವರ ಕತೆಯನ್ನು ಮಗಳು ನಮಗೆ ಮೂರು ಸಲ ಹೇಳಿದ್ದಾಳೆ. 2013ರಲ್ಲಿ ಹನ್ನೆರಡು ಮತ್ತು ಹತ್ತು ವರುಷದ ಆ ಹುಡುಗಿಯರು ಪ್ಲಾಸ್ಟಿಕ್ ಚೀಲಗಳ ವಿರುದ್ಧ ಸಹಿ ಸಂಗ್ರಹಕ್ಕೆ ಹೊರಟರು. ದೊಡ್ಡವರು ಕಿವಿಗೊಡದಾಗ ಗಾಂಧೀಜಿಯ ದಾರಿ ನೆನೆದು ಹಗಲು ಉಪವಾಸ ಹೂಡಿದರು. ದ್ವೀಪದ ಗವರ್ನರು ಕರೆಸಿ ಮಾತನಾಡಿಸಬೇಕಾಯಿತು. 2019ರಲ್ಲಿ ಅಲ್ಲಿ ಚೀಲ ನಿಷೇಧವಾಯಿತು, ಬೇರೆ ದೇಶಗಳ ಹುಡುಗರೂ ಅವರದೇ ಹೆಸರಿನ ತಂಡಗಳನ್ನು ಕಟ್ಟಿದರು. ಮೂರನೆಯ ಸಲ ಕೇಳುವಾಗ, ನಮ್ಮ ಮನೆಯಲ್ಲಿಯೂ ಉಪವಾಸದ ಬೆದರಿಕೆ ಬಂದೀತೇ ಎಂದು ನಮಗೆ ಸಂಶಯವಾದದ್ದುಂಟು.

ಪಟ್ಟಿಗಳು ಬರತೊಡಗಿದ ಮೇಲೆ ಮಾತ್ರ ನಮಗೂ ರುಚಿ ಹತ್ತಿತು. ಜಪಾನಿನ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುವವರು. ಊಟದ ಹಾಲು ಕುಡಿದ ಮೇಲೆ ರಟ್ಟಿನ ಡಬ್ಬಿಯನ್ನು ತೊಳೆದು, ಬಿಚ್ಚಿ, ಒಣಗಿಸಿ ಕಟ್ಟಿಡುವವರು. ಇಷ್ಟು ಶಿಸ್ತಿನವರ ಮನೆಯಲ್ಲಿ ಕಸವೇ ಇರಲಾರದೆಂದು ನಾವು ತಿಳಿದಿದ್ದೆವು. ಅವರ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆಯ ಸಾಲು ನಮ್ಮದಕ್ಕಿಂತ ಉದ್ದವಾಗಿತ್ತು! ಒಂದು ಪೊಟ್ಟಣದೊಳಗೆ ಹತ್ತು ಬಿಸ್ಕತ್ತು, ಹತ್ತಕ್ಕೂ ಬೇರೆ ಬೇರೆ ಅಂಗಿ. ಅದನ್ನು ಅವರೇ, ಯಾರೂ ಕೇಳದೆ, ಬಿಡಿಬಿಡಿಯಾಗಿ ಎಣಿಸಿ ಬರೆದಿದ್ದರು. ಸ್ಪೇನಿನವರ ಬೀದಿ ಮೂಲೆಗಳಲ್ಲಿ ಕಾಗದಕ್ಕೆ ನೀಲಿ, ಗಾಜಿಗೆ ಹಸಿರು, ಪ್ಲಾಸ್ಟಿಕ್ಕು ಮತ್ತು ಡಬ್ಬಿಗಳಿಗೆ ಹಳದಿ ತೊಟ್ಟಿಗಳಿವೆಯಂತೆ. ನಿಮ್ಮ ತೊಟ್ಟಿಯ ಬಣ್ಣ ಯಾವುದು ಎಂದು ಅಲ್ಲಿಯ ಹುಡುಗನೊಬ್ಬ ಕೇಳಿದ. "ನಮ್ಮಲ್ಲಿ ತೊಟ್ಟಿಯೇ ಮನೆ ಬಾಗಿಲಿಗೆ ಬಂದು ದುಡ್ಡು ಕೊಟ್ಟು ಹೋಗುತ್ತದೆ" ಎಂದಳಂತೆ ನಮ್ಮವಳು. ರದ್ದಿವಾಲಾ ಎಂದರೆ ಯಾರೆಂದು ವಿವರಿಸುವುದರಲ್ಲಿ ಅಂದಿನ ವೇಳೆ ಮುಗಿಯಿತು. ಆ ನಮೂನೆಯಲ್ಲಿ ಅವನಿಗೊಂದು ಕಾಲಮ್ಮೇ ಇರಲಿಲ್ಲ. ಮಕ್ಕಳು ಗೆರೆ ಎಳೆದು ಹೊಸದಾಗಿ ಸೇರಿಸಿದರು.

ಮನೆಯಲ್ಲಿರುವ ಅಜ್ಜಿಗೆ ಈ ಪಟ್ಟಿಯೆಂದರೆ ನಗು. ಅವರು ಶಿರಸಿ ಸೀಮೆಯವರು. ಅವರ ಲೆಕ್ಕದಲ್ಲಿ ಕಸ ಎಂದರೆ ಗುಡಿಸಿದ ಧೂಳು ಮಾತ್ರ; ಉಳಿದದ್ದಕ್ಕೆಲ್ಲ ಒಂದೊಂದು ಹೆಸರಿದೆ, ಹೋಗುವ ಜಾಗವಿದೆ. ಅಕ್ಕಿ ತೊಳೆದ ನೀರು ಆಕಳಿಗೆ, ಕರಟ ಬಚ್ಚಲ ಒಲೆಗೆ, ಬೂದಿ ಪಾತ್ರೆ ತಿಕ್ಕುವುದಕ್ಕೆ, ಸಿಪ್ಪೆ ಗೊಬ್ಬರದ ಗುಂಡಿಗೆ. ಚೆಂಬೂರಿನ ಮೂರನೆಯ ಮಹಡಿಯಲ್ಲಿ ಆಕಳೂ ಇಲ್ಲ, ಗುಂಡಿಯೂ ಇಲ್ಲ. ಊರೇ ಮೊದಲಿನಂತಿದೆಯೇ ಎಂದರೆ ಅದೂ ಇಲ್ಲ. ಹೋದ ಬೇಸಗೆಯಲ್ಲಿ ಹೋದಾಗ ಬಚ್ಚಲ ಒಲೆಯ ಹೊಗೆಯಲ್ಲಿ ಪ್ಲಾಸ್ಟಿಕ್ಕಿನ ನಾತ ನಮಗೇ ಬಡಿಯಿತು.

ಹೊಗೆಯೆಂದರೆ ನಮಗೆ ಬೇರೊಂದು ನೆನಪೂ ಇದೆ. 1927ರಿಂದ ಮುಂಬಯಿಯ ಕಸ ಹೋಗಿ ಬಿದ್ದ ದೇವನಾರ ನಮ್ಮ ಮನೆಗೆ ದೂರವಲ್ಲ. 2016ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಕವಿದಿತ್ತು. ಮಗಳು ಆಗ ನಾಲ್ಕು ವರುಷದ ಕೂಸು. ಕಿಟಕಿಗಳನ್ನು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕೆಮ್ಮುವ ಮಗುವನ್ನು ಎತ್ತಿಕೊಂಡು ನಾವು ರಾತ್ರಿ ಕಳೆದೆವು. ಯಾರ ಕಸವೋ ಏನೋ ಎಂದು ಅಂದು ಶಪಿಸಿದ್ದೆವು. ನಮ್ಮ ಸಿಪ್ಪೆ, ನಮ್ಮ ಪೊಟ್ಟಣವೂ ಅದರಲ್ಲಿ ಬೆಂದಿತ್ತೆಂಬುದು ತಕ್ಕಡಿ ಬಂದ ಮೇಲೆ ಹೊಳೆಯಿತು.

ಇಷ್ಟಾದರೂ ಕಸದ ಲೆಕ್ಕ ನಮ್ಮ ಮರ್ಯಾದೆಗೆ ಬಂದದ್ದು ನವೆಂಬರಿನಲ್ಲಿ. ನಮ್ಮ ಸಂಘದ ರಾಜ್ಯೋತ್ಸವದ ಊಟದ ವ್ಯವಸ್ಥೆ ನಮ್ಮ ಪಾಲಿಗೆ ಬಂದಿತ್ತು. ಮುನ್ನೂರು ಮಂದಿ, ಬಿಸಿಬೇಳೆ ಭಾತು ಚೆನ್ನಾಗಿತ್ತೆಂದು ಎಲ್ಲರೂ ಹೊಗಳಿದರು. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ಕಿನ ಪದರವಿರುವ ಕಾಗದದ ತಟ್ಟೆ, ಕೈಯಷ್ಟುದ್ದದ ನೀರಿನ ಬಾಟಲಿ, ಎಲ್ಲವನ್ನೂ ನಾವೇ ತರಿಸಿದ್ದೆವು. ತೊಳೆಯುವ ತಾಪತ್ರಯವಿಲ್ಲವೆಂದು ಬೆನ್ನು ತಟ್ಟಿಕೊಂಡೂ ಇದ್ದೆವು. ಭಾಷಣಗಳು ನಡೆದಿದ್ದಾಗ ನಮ್ಮ ಮಗಳೂ ನಾಲ್ಕಾರು ಹುಡುಗರೂ ಹಿತ್ತಿಲಲ್ಲಿ ಎಣಿಸುತ್ತಿದ್ದರು. 412 ಬಾಟಲಿ, ಅದರಲ್ಲಿ 190ರಲ್ಲಿ ಅರ್ಧಕ್ಕೂ ಹೆಚ್ಚು ನೀರು. ಹನ್ನೊಂದು ಚೀಲ ಕಸ.

ರಾತ್ರಿ ಅವಳು ಅದನ್ನು ಪಟ್ಟಿಗೆ ಏರಿಸಲು ಕುಳಿತಾಗ ನಾವು ತಡೆದೆವು. ಮನೆಯ ಕಸ ಬರೆ, ಸಂಘದ್ದೇಕೆ? ಕನ್ನಡದವರೆಂದರೆ ಹೀಗೆ ಎಂದು ಪರದೇಶದಲ್ಲಿ ತಿಳಿಯಬೇಕೇ? ಅದೂ ರಾಜ್ಯೋತ್ಸವದ ದಿನದ್ದು! ಇಷ್ಟು ಹೇಳುವಾಗ ನಮ್ಮ ದನಿ ಏರಿದ್ದನ್ನು ಒಪ್ಪಿಕೊಳ್ಳಬೇಕು.

"ಅಪ್ಪಾ, ಬಿಸ್ಕತ್ತಿನ ಹೊದಿಕೆ ಬರೆದಾಗ ಆ ಹುಡುಗಿ ಜಪಾನಿನ ಮರ್ಯಾದೆ ಹೋಯಿತು ಅಂತ ಅಳಲಿಲ್ಲ. ನಾನು ಯಾಕೆ ಮುಚ್ಚಿಡಬೇಕು?" ಎಂದಳು. ನಾವು ಉತ್ತರ ಹುಡುಕುತ್ತಿರುವಾಗ ಒಳಗಿನಿಂದ ಅಜ್ಜಿ, "ಬರೆಯಲಿ ಬಿಡಿ. ಮಾಡುವಾಗ ಇಲ್ಲದ ನಾಚಿಕೆ ಬರೆಯುವಾಗ ಯಾಕೆ?" ಎಂದರು. ಪಟ್ಟಿ ಹೋಯಿತು. ಅಲ್ಲಿಂದ ಛೀಮಾರಿಯೇನೂ ಬರಲಿಲ್ಲ. ಇಷ್ಟು ಜನ ಒಟ್ಟಿಗೆ ಕುಳಿತು ಉಣ್ಣುವುದನ್ನು ತಾವು ನೋಡಿಯೇ ಇಲ್ಲವೆಂದು ಸ್ಪೇನಿನವರು ಬೆರಗಾದರು. ಜಪಾನಿನ ಹುಡುಗಿ ಮಾತ್ರ ಒಂದೇ ಪ್ರಶ್ನೆ ಕೇಳಿದಳಂತೆ: ನಿಮ್ಮ ಮನೆಗಳಲ್ಲಿ ಲೋಟ ಇಲ್ಲವೇ?

ಆ ಪ್ರಶ್ನೆಯನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟೆವು. ನಗೆ ಎದ್ದಿತು, ಆಕ್ಷೇಪಣೆಯೂ ಎದ್ದಿತು. ಯಾರು ಹೊರುವವರು, ಯಾರು ತೊಳೆಯುವವರು? ಕೊನೆಗೆ ಯುಗಾದಿಯ ಊಟಕ್ಕೆ ಒಮ್ಮೆ ನೋಡೋಣವೆಂದಾಯಿತು. ಮಾಟುಂಗಾದಿಂದ ಬಾಳೆ ಎಲೆ ತಂದೆವು. ಲೋಟವನ್ನು ಅವರವರೇ ಮನೆಯಿಂದ ತರಬೇಕೆಂದು ತಿಳಿಸಿದೆವು. ಎಲ್ಲವೂ ಸರಾಗವಾಯಿತೆಂದು ಬರೆದರೆ ಸುಳ್ಳಾದೀತು. ಪಂಕ್ತಿ ಮೂರಾದವು, ಮಧ್ಯಾಹ್ನ ಮೂರೂವರೆಯಾಯಿತು, ಹಸಿದ ಮಕ್ಕಳು ರಂಪ ಮಾಡಿದವು. ಅರವತ್ತು ಮಂದಿ ಲೋಟ ಮರೆತು ಬಂದಿದ್ದರು. ಅವರಿಗಾಗಿ ಲೋಟ ತೊಳೆಯುತ್ತ ಈ ಲೇಖನಿ ಹಿಡಿದ ಕೈ ನಲ್ಲಿಯ ಕೆಳಗೆ ಎರಡು ತಾಸು ಇತ್ತು. ತೊಳೆಯುವುದು ಎಂದಿನಂತೆ ಹೆಂಗಸರ ಪಾಲಿಗೆ ಬೀಳಕೂಡದೆಂಬುದು ಯಜಮಾನಿತಿಯ ಷರತ್ತಾಗಿತ್ತು. ಉಂಡ ಎಲೆಗಳನ್ನು ಗೊಬ್ಬರದ ಗುಂಡಿಯಿರುವ ಗೆಳೆಯರ ಸೊಸೈಟಿಗೆ ಸಾಗಿಸಲು ಮೊದಲ ಟ್ಯಾಕ್ಸಿಯವನು ಒಪ್ಪಲಿಲ್ಲ. ಎರಡನೆಯವನು ಹೋಳಿಗೆ ತಿಂದು ಒಪ್ಪಿದ.

ಆ ದಿನದ ಪಟ್ಟಿಯಲ್ಲಿ ಬಾಟಲಿಯ ಸಾಲಿಗೆ 7 ಎಂದು ಬರೆದು ಮಗಳು ಕಳಿಸಿದಳು. ಆ ಏಳು ಯಾರವೆಂದು ಅವಳಿಗೆ ಗೊತ್ತು, ಹೇಳುವುದಿಲ್ಲ.

ಲೋಟಗಳ ಮಾತು ಇನ್ನೂ ಮುಗಿದಿಲ್ಲ. ಎರಡು ಸ್ಟೀಲಿನ ಲೋಟಗಳು ನಮ್ಮ ಮನೆಯಲ್ಲಿಯೇ ಉಳಿದಿವೆ. ಒಂದರ ಮೇಲೆ ‘ಸೌ. ಸು.’ ಎಂದು ಹೆಸರು ಕೊರೆಸಿದೆ. ಇನ್ನೊಂದರ ಅಂಚು ತುಸು ನೆಗ್ಗಿದೆ. ಯಾರವಾದರೂ ಮುಂದಿನ ಸಭೆಯಲ್ಲಿ ಕೇಳಿ ಪಡೆಯಬಹುದು. ತೊಳೆದಿಟ್ಟಿದ್ದೇವೆ.