ಒಂದು ಪುಸ್ತಕ, ನಾಲ್ಕು ಸಿನಿಮಾ, ನಮ್ಮ ತಾತ

ಸಿನಿಮಾ ದೊಡ್ಡದೋ, ಪುಸ್ತಕ ದೊಡ್ಡದೋ? ಟೀ ಅಂಗಡಿ ಬೆಂಚಿನ ಮೇಲೆ ನಾಲ್ಕು ಜನ ಕೂತರೆ ಈ ಜಗಳ ಶುರು. ಒಬ್ಬ ‘ನಾಗರಹಾವು’ ಎನ್ನುತ್ತಾನೆ, ಇನ್ನೊಬ್ಬ ‘ಬಂಗಾರದ ಮನುಷ್ಯ’ ಎನ್ನುತ್ತಾನೆ. 1972ರ ಆ ಎರಡೂ ಚಿತ್ರಗಳು ಪುಸ್ತಕದಿಂದಲೇ ಎದ್ದು ಬಂದವು. ಒಂದು ತ.ರಾ.ಸು. ಅವರದು, ಇನ್ನೊಂದು ಟಿ.ಕೆ. ರಾಮರಾವ್ ಅವರದು. ಚಿತ್ರವನ್ನು ಹತ್ತು ಸಲ ನೋಡಿದವರು ಬೇಕಾದಷ್ಟು. ಕಾದಂಬರಿ ಓದಿದವರು ಕೈ ಎತ್ತಿ ನೋಡೋಣ! ನನ್ನ ಕೈಯೂ ಕೆಳಗೇ ಇತ್ತು ಸ್ವಾಮಿ, ಮೊನ್ನೆ ಮೊನ್ನೆಯವರೆಗೆ.

ನಮ್ಮದು ಬೈರಕೂರು. ಮುಳಬಾಗಿಲು ತಾಲ್ಲೂಕಿನ ಹೋಬಳಿ, ಆಂಧ್ರದ ಗಡಿ ಪಕ್ಕದಲ್ಲೇ. ಈ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಚಿರಂಜೀವಿಗೂ ಶಿಳ್ಳೆ, ರಾಜಣ್ಣನಿಗೂ ಶಿಳ್ಳೆ. ಶಿಳ್ಳೆಗೆ ಭಾಷೆ ಎಲ್ಲಿದೆ ಹೇಳಿ? ಇಂಥ ಊರಿನಲ್ಲಿ ಹುಟ್ಟಿ, ಪಿ.ಯು.ಸಿ.ಯನ್ನು ಅರ್ಧಕ್ಕೇ ಬಿಟ್ಟು, ಸಿನಿಮಾ ಬಗ್ಗೆ ಬರೆದು ಹೊಟ್ಟೆ ಹೊರೆಯುವವನು ನಾನು.

ಮೊನ್ನೆ ಗೆಳೆಯನ ಮೊಬೈಲಿನಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ನೋಡಿದೆ. 2023ರಲ್ಲಿ ಬಿಡುಗಡೆಯಾದಾಗ ತಪ್ಪಿಸಿಕೊಂಡಿದ್ದ ಚಿತ್ರ. ನಿರ್ದೇಶಕ ಶಶಾಂಕ್ ಸೋಗಾಲ್. ದುಡ್ಡು ಹಾಕಿದವರು ಯಾರು ಗೊತ್ತೆ? ಗಾಂಧಿನಗರದ ಸಾಹುಕಾರರಲ್ಲ, ಪೂರ್ಣಚಂದ್ರ ತೇಜಸ್ವಿಯವರ ಓದುಗರು! ಒಬ್ಬ ಲೇಖಕನ ಅಭಿಮಾನಿಗಳು ಕೈಯಿಂದ ಕಾಸು ಸೇರಿಸಿ ಚಿತ್ರ ಮಾಡಿದರು ಎಂದರೆ ಕಟೌಟಿಗೆ ಹಾಲು ಸುರಿದ ನಮಗೂ ಸ್ವಲ್ಪ ನಾಚಿಕೆಯಾಗಬೇಕು. ಹಿಂದೂ ಹುಡುಗರೇ ತುಂಬಿದ ತರಗತಿಗೆ ಒಬ್ಬ ಮುಸ್ತಫಾ ಬಂದು ಕೂರುತ್ತಾನೆ. ಅವನನ್ನು ಕಂಡರೆ ಉಳಿದವರಿಗೆ ಗುಮಾನಿ, ಹೊಟ್ಟೆಕಿಚ್ಚು, ಒಳಗೊಳಗೇ ಕುತೂಹಲ. ನಗಿಸುತ್ತಲೇ ಮುಂದೆ ಹೋಗುತ್ತದೆ ಚಿತ್ರ. ನಾನು ಬಿಟ್ಟು ಬಂದ ಕಾಲೇಜಿನ ಕೊನೇ ಬೆಂಚು ಕಣ್ಣ ಮುಂದೆ ಬಂದು, ಮುಗಿಯುವಷ್ಟರಲ್ಲಿ ಮನಸ್ಸು ಒಂಥರಾ ಆಗಿತ್ತು.

ಅದೇ ಗುಂಗಿನಲ್ಲಿ ಕೋಲಾರಕ್ಕೆ ಹೋದಾಗ ಹಳೇ ಪುಸ್ತಕ ಮಾರುವವನ ಹತ್ತಿರ ‘ಅಬಚೂರಿನ ಪೋಸ್ಟಾಫೀಸು’ ಸಿಕ್ಕಿತು. ತೆಳ್ಳಗಿನ ಕಥಾಸಂಕಲನ, 1973ರದು. ವಾಪಸು ಬರುವ ಬಸ್ಸಿನಲ್ಲೇ ಅರ್ಧ ಮುಗಿಸಿದೆ. ಲೆಕ್ಕ ಹಾಕಿದರೆ ತಲೆ ತಿರುಗಿತು. ಆ ಒಂದೇ ಪುಸ್ತಕದಿಂದ ನಾಲ್ಕು ಚಿತ್ರ! ಹೆಸರಿನ ಕತೆಯನ್ನೇ ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ತೆರೆಗೆ ತಂದರು. 1986ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’. 1992ರಲ್ಲಿ ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’. ಕೊನೆಗೆ ನಮ್ಮ ಮುಸ್ತಫಾ. ಕತೆ ಬರೆದಾಗ ಹುಟ್ಟೇ ಇರದಿದ್ದ ಹುಡುಗರು ಐವತ್ತು ವರ್ಷದ ಮೇಲೆ ಅದನ್ನು ಚಿತ್ರ ಮಾಡಿ ಗೆದ್ದರು. ಮೂಡಿಗೆರೆಯಲ್ಲಿ ಕೂತು ಬರೆದ ತೇಜಸ್ವಿ 2007ರಲ್ಲೇ ತೀರಿಕೊಂಡರು. ನೋಡಲು ಅವರಿಲ್ಲ ಎನ್ನುವುದೇ ಬೇಜಾರು.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ.

ಪುಸ್ತಕದಲ್ಲಿ ತಬರನ ಕತೆ ಓದಿ, ಸಿನಿಮಾನೂ ನೋಡಿಬಿಡೋಣ ಎಂದು ಒಂದು ರಾತ್ರಿ ಜಗಲಿಯ ಮೇಲೆ ಮೊಬೈಲನ್ನು ಚೊಂಬಿಗೆ ಒರಗಿಸಿ ಇಟ್ಟೆ. ಪಕ್ಕದಲ್ಲಿ ತಾತ ಬಂದು ಕೂತರು. ಟೆಂಟಿನಲ್ಲಿ ನೆಲದ ಮೇಲೆ ಕೂತು ಎನ್‌ಟಿಆರ್ ಕೃಷ್ಣನನ್ನು ನೋಡಿ ಕೈ ಮುಗಿದ ಜೀವ ಅದು. ಹಾಡಿಲ್ಲ, ಫೈಟಿಲ್ಲ, ಹತ್ತು ನಿಮಿಷಕ್ಕೆ ಗೊರಕೆ ಗ್ಯಾರಂಟಿ ಅಂದುಕೊಂಡೆ.

ತಾತ ಕಣ್ಣು ಮಿಟುಕಿಸಲಿಲ್ಲ.

ತಬರ ಮುನಿಸಿಪಾಲಿಟಿಯ ಜವಾನ. ಬ್ರಿಟಿಷರ ಕಾಲದಿಂದ ದುಡಿದವನು. ರಿಟೈರಾದ ಮೇಲೆ ಪೆನ್ಷನ್ನಿಗಾಗಿ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಆ ಮೇಜು, ಈ ಮೇಜು, ನಾಳೆ ಬಾ, ನಾಡಿದ್ದು ಬಾ. ತಬರನಾಗಿ ನಟಿಸಿದವರು ಚಾರುಹಾಸನ್, ನಮ್ಮ ಕಮಲ್ ಹಾಸನ್ ಅವರ ಅಣ್ಣ. ನಟನೆ ಎನ್ನಲು ಬಾಯಿ ಬರುವುದಿಲ್ಲ ಬಿಡಿ. ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು. ಪುಸ್ತಕದಲ್ಲಿ ತೇಜಸ್ವಿ ನಗಿಸಿ ನಗಿಸಿ ಚುಚ್ಚುತ್ತಾರೆ. ಸಿನಿಮಾದಲ್ಲಿ ಆ ಮುದುಕನ ಮುಖವೇ ನಮ್ಮನ್ನು ನೋಡುತ್ತಾ ನಿಂತುಬಿಡುತ್ತದೆ. ಯಾವುದು ದೊಡ್ಡದು ಅಂತ ಈಗ ಯಾರಾದರೂ ಕೇಳಿದರೆ ನಾನು ಉತ್ತರ ಕೊಡೋದಿಲ್ಲ.

ಚಿತ್ರ ಮುಗಿಯಿತು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕೇಳಿದರು:

“ಆಯಪ್ಪನಿಗೆ ಮೊಮ್ಮಗ ಯಾರೂ ಇರ್ಲಿಲ್ವೇನೋ?”

ಅಷ್ಟೇ. ಎದ್ದು ಒಳಗೆ ಹೋದರು.

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಯಾಕೆ ಅಂತೀರಾ? ತಾತನ ವೃದ್ಧಾಪ್ಯ ವೇತನ ನಿಂತು ಐದು ತಿಂಗಳಾಗಿತ್ತು. “ಪೇಪರಿನಲ್ಲಿ ಬರೆಯೋನು ನೀನು, ಒಂದು ಸಲ ಜೊತೆಗೆ ಬಾರೋ” ಎಂದು ಎಷ್ಟೋ ಸಲ ಕರೆದಿದ್ದರು. ನನಗೆ ಪುರುಸೊತ್ತಿರಲಿಲ್ಲ. ಯಾವ ನಟಿ ಯಾರ ಜೊತೆ ನಟಿಸುತ್ತಾಳೆ, ಯಾವ ಚಿತ್ರಕ್ಕೆ ಎಷ್ಟು ಕೋಟಿ, ಇದನ್ನೆಲ್ಲ ಬರೆಯಬೇಕಲ್ಲ! ತೆರೆಯ ಮೇಲಿನ ತಬರನನ್ನು ಕಂಡು ಕಣ್ಣೊರೆಸಿಕೊಂಡವನು ಪಕ್ಕದಲ್ಲಿ ಕೂತ ತಬರನನ್ನು ಕಂಡಿರಲಿಲ್ಲ.

ಮಾರನೇ ದಿನ ಮೊದಲ ಬಸ್ಸಿಗೇ ತಾತನ ಜೊತೆ ಹೊರಟೆ. ಬ್ಯಾಂಕ್ ಖಾತೆಗೂ ಆಧಾರಿಗೂ ಜೋಡಣೆ ತಪ್ಪಿತ್ತು, ಬೇರೇನಿಲ್ಲ. ಎರಡು ಜೆರಾಕ್ಸ್, ಒಂದು ಅರ್ಜಿ, ತಾತನ ಹೆಬ್ಬೆಟ್ಟು. ಅರ್ಧ ಗಂಟೆಯ ಕೆಲಸ. ಅದಕ್ಕೆ ಅರ್ಜಿ ತುಂಬಲು ಬರುವ ಒಬ್ಬ ಮೊಮ್ಮಗ ಬೇಕಿತ್ತು. ದುಡ್ಡು ಇನ್ನೂ ಬಂದಿಲ್ಲ, ಮುಂದಿನ ತಿಂಗಳು ಬರುತ್ತದೆ ಎಂದಿದ್ದಾರೆ. ಬರದಿದ್ದರೆ ಮತ್ತೆ ಹೋಗುತ್ತೇನೆ. ತಬರನ ಥರ ಒಬ್ಬರೇ ಹೋಗಲು ಇನ್ನು ಬಿಡುವುದಿಲ್ಲ.

ಸಿನಿಮಾ ನೋಡಿದರೆ ಹುಡುಗರು ಕೆಡುತ್ತಾರೆ ಎಂದು ನಮ್ಮ ಮೇಷ್ಟ್ರುಗಳು ಬೈಯುತ್ತಿದ್ದರು. ನನ್ನ ಮಟ್ಟಿಗೆ ಉಲ್ಟಾ ಆಯಿತು ನೋಡಿ.

ವಾಪಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತ ತಾತ ನನ್ನ ಕೈಚೀಲ ಮುಟ್ಟಿ ಹೇಳಿದರು: “ಆ ಪುಸ್ತಕದಲ್ಲಿ ಇನ್ನೂ ಕತೆ ಇದಾವೆ ಅಂದ್ಯಲ್ಲಪ್ಪಾ, ಒಂದು ಓದು.”

ಓದಿದೆ. ಬಸ್ಸಿನ ಸದ್ದಿಗೆ ಗಂಟಲು ಹರಿಯುವ ಹಾಗೆ ಓದಿದೆ. ಮುಂದಿನ ಸೀಟಿನ ಇಬ್ಬರು ತಿರುಗಿ ಕೂತು ಕೇಳಿದರು. ಬೈರಕೂರು ಬಂದಿದ್ದೇ ಗೊತ್ತಾಗಲಿಲ್ಲ.