ಬಿಟ್ಟ ನೀರು, ಬಿಡುವ ನೀರು

ಮಳೆಗಾಲದ ಒಂದು ಸಂಜೆ ಮೊಬೈಲಿಗೆ ಇಂಗ್ಲಿಷ್ ಸಂದೇಶ ಬಂತು: ‘ವಾಟರ್ ಟು ಬಿ ರಿಲೀಸ್ಡ್ ಫ್ರಮ್ ಹಿಪ್ಪರಗಿ ಬ್ಯಾರೇಜ್’. ಅವಸರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ರಿಲೀಸ್ಡ್’ ಒಂದೇ. ‘ಹಿಪ್ಪರಗಿಯಿಂದ ನೀರು ಬಿಡಲಾಗಿದೆ’ ಎಂದು ಬರೆದು ಪೇಪರಿಗೂ ವಾಟ್ಸಾಪ್ ಗ್ರೂಪುಗಳಿಗೂ ಕಳಿಸಿಬಿಟ್ಟೆ.

ಆ ರಾತ್ರಿಯೇ ನಮ್ಮ ಕಾಕಾ 3 ಆಳು ಕರಕೊಂಡು ಕೃಷ್ಣೆಯ ದಂಡೆಗೆ ಹೋಗಿ ಪಂಪ್‌ಸೆಟ್ ಮೇಲಕ್ಕೆ ಎಳೆಸಿದರು. ಕತ್ತಲಲ್ಲಿ ಒಬ್ಬನ ಕಾಲು ಜಾರಿ ಮೊಣಕಾಲು ಕೆತ್ತಿಹೋಯಿತು. ನೀರು ಬಂದದ್ದು ಮರುದಿನ ಸಂಜೆ!

‘ತಮ್ಮಾ, ಬಿಟ್ಟದ್ದು ಬ್ಯಾರೆ, ಬಿಡೂದು ಬ್ಯಾರೆ. ಆಳಿನ ಪಗಾರ ನೀ ಕೊಡ್ತಿ ಏನ?’ ಅಂದರು ಕಾಕಾ.

ಸಾಲಿ ಕಲಿಯದ ಕಾಕಾ ಹೇಳಿದ್ದೇ ಇಂಗ್ಲಿಷಿನ ‘ವರ್ಬಲ್ಸ್’ ಪಾಠ. ಡಿಪ್ಲೊಮಾದಲ್ಲಿ ನಾನದನ್ನು ಬರೀ ಉರು ಹೊಡೆದಿದ್ದೆ. ಹೈಸ್ಕೂಲಿನ ಕನ್ನಡ ವ್ಯಾಕರಣದ ಕೃದಂತ ನೆನಪಿದ್ದರೆ ಇದು ಕಷ್ಟವಲ್ಲ. ‘ಬಿಡು’ ಧಾತುವಿನಿಂದ ಬಿಟ್ಟ, ಬಿಡುವ ಹುಟ್ಟುತ್ತವೆ. ಇವು ಪಾರ್ಟಿಸಿಪಲ್ ಇದ್ದಂತೆ. ಬಿಡುವಿಕೆ ಜೆರಂಡ್‌ಗೆ ಹತ್ತಿರ. ಬಿಡಲು ಎಂಬುದು ಇನ್ಫಿನಿಟಿವ್. ಹುಟ್ಟಿದ್ದು ಕ್ರಿಯೆಯಿಂದಲೇ, ಆದರೆ ಇವಿಷ್ಟರಿಂದ ವಾಕ್ಯ ಮುಗಿಯುವುದಿಲ್ಲ. ಇಂಗ್ಲಿಷಿನ ‘ಇಂಗ್’ ಮಾತ್ರ ಎರಡು ಕಡೆ ದುಡಿಯುತ್ತದೆ: ‘ಫ್ಲೋಯಿಂಗ್ ವಾಟರ್’ ಅಂದರೆ ಹರಿಯುವ ನೀರು, ‘ಫಾರ್ಮಿಂಗ್ ಈಸ್ ಹಾರ್ಡ್’ ಅಂದರೆ ಒಕ್ಕಲುತನ ಮಾಡುವುದು ಕಷ್ಟ. ನನಗೆ ಬಂದ ಸಾಲಿನಲ್ಲಿ ‘ಟು ಬಿ’ ಇತ್ತು, ಅಂದರೆ ನೀರು ಇನ್ನೂ ಬಿಡಬೇಕಿತ್ತು.

ಈಗ ಬರೆಯುವ ಮೊದಲು ಫೋನ್ ಮಾಡಿ ಕೇಳುತ್ತೇನೆ: ‘ಬಿಟ್ಟಾರೋ, ಬಿಡವ್ರದಾರೋ?’ ಕಾಕಾ ಮಾತ್ರ ನನ್ನ ಸುದ್ದಿ ನಂಬುವುದಿಲ್ಲ. ‘ಅದರಾಗ ಟು ಐತೇನ ನೋಡಪಾ’ ಅನ್ನುತ್ತಾರೆ.