ಕಾರು ಹೇಳಿದ ಲೆಕ್ಕ, ಮೀಟರು ಹೇಳಿದ ಲೆಕ್ಕ

ತುಂಬಾ ದಿನಗಳಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಪರೀಕ್ಷೆ, ಪೇಪರ್ ತಿದ್ದುವುದು, ಶಾಲಾ ವಾರ್ಷಿಕೋತ್ಸವ ಅಂತ ಒಂದಲ್ಲ ಒಂದು ಕೆಲಸ. ಇವತ್ತು ಭಾನುವಾರ, ಹೊರಗೆ ಜೋರು ಮಳೆ, ಕರೆಂಟು ಇದೆ.. ಹಾಗಾಗಿ ಕೂತೆ.

ನನ್ನ ಹತ್ತಿರ ಒಂದು ಎಲೆಕ್ಟ್ರಿಕ್ ಕಾರಿದೆ ಎಂಬುದು ನಮ್ಮ ಶಾಲೆಯ ಸುತ್ತಮುತ್ತಲಿನವರಿಗೆಲ್ಲ ಗೊತ್ತು. 2023ರಲ್ಲಿ ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಾಡಿ ಕೊಂಡದ್ದು. ಷೋಕಿಗಲ್ಲ. ಅಮ್ಮನನ್ನು ತಿಂಗಳಿಗೆ ಎರಡು ಸಲ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕುಂಬಳೆಯಿಂದ ಒಳಗಿರುವ ನಮ್ಮ ಮನೆಯಿಂದ ಹೋಗಿ ಬರಲು ನೂರ ಹತ್ತು ಕಿಲೋಮೀಟರ್ ಆಗುತ್ತದೆ. ಬಾಡಿಗೆ ಕಾರಿಗೆ ಕೊಡುವ ದುಡ್ಡು ಲೆಕ್ಕ ಹಾಕಿದಾಗ ಇದೇ ವಾಸಿ ಅನ್ನಿಸಿತ್ತು. ಕಾರಿನ ಕಂಪೆನಿ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅದು ಮುಖ್ಯವೂ ಅಲ್ಲ.

ಕಳೆದ ವರ್ಷ ಒಂದು ರಾತ್ರಿ ಆಸ್ಪತ್ರೆಯಿಂದ ವಾಪಸು ಬರುತ್ತಿದ್ದೆವು. ಬೆಳಿಗ್ಗೆ ಹೊರಡುವಾಗ ಬ್ಯಾಟರಿ ಎಪ್ಪತ್ತು ಶೇಕಡಾ ತೋರಿಸುತ್ತಿತ್ತು, ಸಾಕು ಅಂದುಕೊಂಡಿದ್ದೆ. ತಲಪಾಡಿ ದಾಟಿ ಮಂಜೇಶ್ವರ ಕಳೆದು ಉಪ್ಪಳ ಹತ್ತಿರವಾಗುವಾಗ ಇಪ್ಪತ್ತನಾಲ್ಕು ಇತ್ತು. ನೋಡುತ್ತಿದ್ದ ಹಾಗೆಯೇ ಅದು ಹನ್ನೊಂದು ಆಯಿತು! ಇಪ್ಪತ್ಮೂರು, ಇಪ್ಪತ್ತೆರಡು ಅಂತ ಇಳಿಯಲಿಲ್ಲ. ಒಮ್ಮೆಗೇ ಹನ್ನೊಂದು. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಮಾಡುತ್ತಿದ್ದರು. ನನಗೆ ಕೈ ಬೆವರಿತು. ಎ.ಸಿ. ನಿಲ್ಲಿಸಿ, ಉಪ್ಪಳದಲ್ಲಿ ಸಂಬಂಧಿಕರ ಮನೆಗೆ ಕಾರು ತಿರುಗಿಸಿ, ಅವರ ಅಂಗಳದ ಪ್ಲಗ್ಗಿಗೆ ಎರಡು ಗಂಟೆ ಹಾಕಿಟ್ಟು, ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. "ಪೆಟ್ರೋಲಿನದ್ದೇ ತೆಗೀಬಹುದಿತ್ತು ಮಗ" ಎಂದರು ಅಮ್ಮ. ಅಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೂ ಬೇಸರವಾಗುತ್ತಿರಲಿಲ್ಲ.

ಮರುದಿನ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗ ಲ್ಯಾಪ್‌ಟಾಪ್ ಸಿಕ್ಕಿಸಿ ಒಂದು ಗಂಟೆ ಕೂತ. "ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ್ದೇನೆ ಸರ್, ಇನ್ನು ತೊಂದರೆ ಇಲ್ಲ" ಎಂದ. ಮನೆಗೆ ಬಂದು ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ನೋಡುತ್ತೇನೆ, ಹೊಸತರಲ್ಲಿ ತುಂಬಿದಾಗ 240 ಕಿ.ಮೀ. ತೋರಿಸುತ್ತಿದ್ದ ಕಾರು ಈಗ 208 ತೋರಿಸುತ್ತಿದೆ. ಮೂವತ್ತೆರಡು ಕಿಲೋಮೀಟರ್ ಎಲ್ಲಿಗೆ ಹೋಯಿತು? ಫೋನ್ ಮಾಡಿ ಕೇಳಿದರೆ "ಅದು ಅಪ್‌ಡೇಟ್ ಆದ ಮೇಲೆ ಹಾಗೇ ಸರ್" ಎಂಬ ಉತ್ತರ. ಸಾಲದ ಕಂತು ಇನ್ನೂ ಮೂರು ವರ್ಷ ಬಾಕಿ ಇದೆ. ಎರಡೇ ವರ್ಷಕ್ಕೆ ಬ್ಯಾಟರಿಯ ಎಂಟನೇ ಒಂದು ಪಾಲು ಹೋಯಿತೇ ಅಂತ ನನ್ನ ತಲೆ ಕೆಟ್ಟುಹೋಯಿತು.

ಆ ವಾರವೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನ್ಯೂಜಿಲ್ಯಾಂಡಿನಿಂದ ಫೋನ್ ಮಾಡಿದ. ನಮ್ಮ ಶಾಲೆಯಲ್ಲೇ ಹತ್ತರ ತನಕ ಕನ್ನಡದಲ್ಲಿ ಕಲಿತವ, ಈಗ ಅಲ್ಲಿ ಕೆಲಸದಲ್ಲಿದ್ದಾನೆ. ಮಾತಿನ ನಡುವೆ ನನ್ನ ಗೋಳು ಹೇಳಿಕೊಂಡೆ. ಅವನು ನಕ್ಕ. "ಸರ್, ಇದೇ ಕತೆ ಇಲ್ಲಿ ಉಲ್ಟಾ ಆಗಿದೆ. ಹೇಳ್ತೇನೆ ಕೇಳಿ" ಎಂದ. ಅವನು ಹೇಳಿದ್ದನ್ನೂ ಆಮೇಲೆ ನಾನು ಹುಡುಕಿ ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ನ್ಯೂಜಿಲ್ಯಾಂಡಿಗೆ ಜಪಾನಿನಿಂದ ಬಳಸಿದ ಕಾರುಗಳು ಹಡಗಿನಲ್ಲಿ ಬರುತ್ತವೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಹಾಗೆ ಹೆಚ್ಚಾಗಿ ಬಂದದ್ದು ನಿಸ್ಸಾನ್ ಲೀಫ್. ಅದರಲ್ಲಿ ಮೊದಲಿನದ್ದು 24 ಯೂನಿಟ್ ಹಿಡಿಯುವ ಬ್ಯಾಟರಿ, ಆಮೇಲೆ ಬಂದದ್ದು 30 ಯೂನಿಟ್‌ನದ್ದು. (ಯೂನಿಟ್ ಅಂದರೆ ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ, ಕಿಲೋವ್ಯಾಟ್ ಅವರ್.) ಹಳೆ ಕಾರು ಕೊಳ್ಳುವವನಿಗೆ ಮುಖ್ಯ ಪ್ರಶ್ನೆ ಒಂದೇ.. ಬ್ಯಾಟರಿ ಎಷ್ಟು ಉಳಿದಿದೆ? ಅಲ್ಲಿನ 'ಫ್ಲಿಪ್ ದ ಫ್ಲೀಟ್' ಎಂಬ ಗುಂಪು ಕಾರಿನ ಮಾಲೀಕರಿಂದಲೇ ತಿಂಗಳು ತಿಂಗಳು ಅಂಕಿಗಳನ್ನು ಸಂಗ್ರಹಿಸುತ್ತಿತ್ತು. ಕಾರಿಗೆ ಒಂದು ಸಣ್ಣ ಸಾಧನ ಸಿಕ್ಕಿಸಿ, ಮೊಬೈಲಿನಲ್ಲಿ ಬ್ಯಾಟರಿಯ ಆರೋಗ್ಯ ಎಷ್ಟು ಶೇಕಡಾ ಎಂದು ಓದಿ ಕಳುಹಿಸುವುದು. 2018ರಲ್ಲಿ 283 ಕಾರುಗಳ ಅಂಕಿ ಇಟ್ಟುಕೊಂಡು ಅವರು ಲೆಕ್ಕ ಹಾಕಿದರು. 24 ಯೂನಿಟ್‌ನ ಕಾರುಗಳು ವರ್ಷಕ್ಕೆ ಸುಮಾರು 3 ಶೇಕಡಾ ಕಳೆದುಕೊಳ್ಳುತ್ತಿದ್ದರೆ, 30 ಯೂನಿಟ್‌ನ ಹೊಸ ಕಾರುಗಳು ಎರಡು ವರ್ಷ ಆಗುವಾಗ ವರ್ಷಕ್ಕೆ ಸುಮಾರು 10 ಶೇಕಡಾ ಲೆಕ್ಕದಲ್ಲಿ ಇಳಿಯುತ್ತಿದ್ದವು! ಹೊಸದೇ ಹಳೆಯದಕ್ಕಿಂತ ಬೇಗ ಹಾಳಾಗುತ್ತಿದೆ ಎಂದಾಯಿತು. ಕೊಂಡವರ ಎದೆ ಒಡೆಯದೆ ಇರುತ್ತದೆಯೇ?

ಆದರೆ ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಆ ವರದಿಯ ತಲೆಬರಹದಲ್ಲೇ ಅವರು 'ಬ್ಯಾಟರಿ ನಷ್ಟ' ಅನ್ನಲಿಲ್ಲ, 'ವರದಿಯಾದ ಬ್ಯಾಟರಿ ನಷ್ಟ' ಅಂದರು. ಅಂದರೆ, ಕಾರು ಹೀಗೆ ಹೇಳುತ್ತಿದೆ, ನಿಜ ಬೇರೆಯೂ ಇರಬಹುದು ಅಂತ. ಹಾಗೆಯೇ ಆಯಿತು. ಅದೇ ವರ್ಷ ಜೂನ್ ಹೊತ್ತಿಗೆ ನಿಸ್ಸಾನ್ ಕಂಪೆನಿ, ಬ್ಯಾಟರಿಯಲ್ಲಿ ದೋಷವಿಲ್ಲ, ಅದನ್ನು ಲೆಕ್ಕ ಹಾಕುವ ಕಂಟ್ರೋಲರಿನ ಲೆಕ್ಕ ತಪ್ಪು ಎಂದು ಹೇಳಿ ಹೊಸ ಸಾಫ್ಟ್‌ವೇರ್ ಕೊಟ್ಟಿತು. ಅದನ್ನು ಹಾಕಿದ ಕಾರುಗಳಲ್ಲಿ ಅಂಕಿ ಮೇಲೇರಿತು. ನನ್ನ ವಿದ್ಯಾರ್ಥಿ ಹೇಳಿದ, "ಬ್ಯಾಟರಿ ಅದೇ ಸರ್. ನಿನ್ನೆ ಇದ್ದದ್ದೇ ಇವತ್ತೂ. ಅಂಕಿ ಮಾತ್ರ ಬೇರೆ."

ಇದು ಯಾಕೆ ಹೀಗೆ? ಪೆಟ್ರೋಲ್ ಟ್ಯಾಂಕಿನಲ್ಲಿ ತೇಲುವ ಬುರುಡೆ ಇರುತ್ತದೆ, ಎಣ್ಣೆ ಇಳಿದ ಹಾಗೆ ಅದೂ ಇಳಿಯುತ್ತದೆ. ಬ್ಯಾಟರಿಯೊಳಗೆ ಇಣುಕಿ ನೋಡುವ ಹಾಗಿಲ್ಲ. ನಾನು ಮಕ್ಕಳಿಗೆ ಇದನ್ನು ಅಡಿಗೆಮನೆಯ ಗ್ಯಾಸ್ ಸಿಲಿಂಡರಿನ ಉದಾಹರಣೆ ಕೊಟ್ಟು ಹೇಳಿದೆ. ಸಿಲಿಂಡರ್ ತುಂಬಿದ್ದರೂ ಉರಿ ಅಷ್ಟೇ, ಮುಗಿಯಲು ಬಂದರೂ ಉರಿ ಅಷ್ಟೇ. ಕೊನೆಯಲ್ಲಿ ಮಾತ್ರ ಒಮ್ಮೆಗೇ ಕುಗ್ಗುತ್ತದೆ. ಹಾಗಾಗಿ ಮನೆಯಲ್ಲಿ ಅಮ್ಮ ಏನು ಮಾಡುತ್ತಾರೆ? ಹೊಸ ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ದಿನ ಎಣಿಸುತ್ತಾರೆ. ನಡುವೆ ನೆಂಟರು ಬಂದರೆ ಲೆಕ್ಕ ತಪ್ಪುತ್ತದೆ. ಮತ್ತೆ ಹೊಸ ಸಿಲಿಂಡರ್ ಹಾಕಿದಾಗಲೇ ಲೆಕ್ಕ ಸರಿಯಾಗುವುದು.

ನನ್ನ ಕಾರಿನದ್ದು ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿ. ಅದರ ಒಂದೊಂದು ಸೆಲ್ಲೂ ಹೆಚ್ಚಿನ ಹೊತ್ತು 3.2, 3.3 ವೋಲ್ಟಿನ ಆಸುಪಾಸಿನಲ್ಲೇ ಇರುತ್ತದೆ. ವೋಲ್ಟೇಜ್ ನೋಡಿ ಎಪ್ಪತ್ತೋ ನಲ್ವತ್ತೋ ಹೇಳುವುದು ಕಷ್ಟ. ಆದ್ದರಿಂದ ಒಳಗಿನ ಕಂಪ್ಯೂಟರ್ ಹೋದ ಕರೆಂಟು, ಬಂದ ಕರೆಂಟು ಎಣಿಸುತ್ತಾ ಹೋಗುತ್ತದೆ. ಸಣ್ಣ ಸಣ್ಣ ತಪ್ಪುಗಳು ಕೂಡಿಕೊಳ್ಳುತ್ತವೆ. ಆಗಾಗ ನೂರಕ್ಕೆ ತುಂಬಿಸಿದರೆ ಅದಕ್ಕೆ 'ಇಲ್ಲಿಂದ ಎಣಿಸು' ಎಂದು ಹೇಳಿದ ಹಾಗೆ. ನಾನೋ, ಎಂಬತ್ತಕ್ಕಿಂತ ಮೇಲೆ ತುಂಬಿಸಬಾರದು ಎಂದು ಯಾರೋ ಹೇಳಿದ್ದನ್ನು ಕೇಳಿ ತಿಂಗಳುಗಟ್ಟಲೆ ನೂರು ಮಾಡಿರಲೇ ಇಲ್ಲ. ಆ ಮಾತು ಬೇರೆ ಬಗೆಯ ಬ್ಯಾಟರಿಗೆ ಸರಿ. ಉಪ್ಪಳದಲ್ಲಿ ಇಪ್ಪತ್ತನಾಲ್ಕು ಹನ್ನೊಂದಾದದ್ದು ಚಾರ್ಜ್ ಸೋರಿ ಹೋಗಿ ಅಲ್ಲ. ಇಪ್ಪತ್ತನಾಲ್ಕು ಎಂಬುದೇ ಸುಳ್ಳಾಗಿತ್ತು, ಆಗ ಕಾರಿಗೆ ಅದು ಗೊತ್ತಾಯಿತು, ಅಷ್ಟೇ.

ಹಾಗಾದರೆ ಅಪ್‌ಡೇಟ್ ಮಾಡಿದ್ದೆಲ್ಲ ಒಳ್ಳೆಯದಕ್ಕೇ ಎಂದು ನಂಬಿ ಸುಮ್ಮನಿರುವುದೇ? ಅದೂ ಅಲ್ಲ. 2012ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಲೀಫ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಹನ್ನೆರಡು ಗೆರೆಗಳು ಒಂದೊಂದಾಗಿ ಮಾಯವಾದವು. ಅಲ್ಲಿನ ಬಿಸಿಲಿಗೆ ಬ್ಯಾಟರಿ ನಿಜವಾಗಿಯೇ ಸವೆದಿತ್ತು. ಆಮೇಲೆ ಕಂಪೆನಿ ಐದು ವರ್ಷ ಅಥವಾ 60,000 ಮೈಲಿಯೊಳಗೆ ಒಂಬತ್ತು ಗೆರೆಗಿಂತ ಕೆಳಗೆ ಇಳಿದರೆ ತಾನು ಸರಿಮಾಡಿ ಕೊಡುತ್ತೇನೆ ಎಂದು ವಾರಂಟಿ ಕೊಟ್ಟಿತು. ಗಮನಿಸಿ, ಆ ವಾರಂಟಿ ನಿಂತಿರುವುದು ಕಾರು ತೋರಿಸುವ ಗೆರೆಗಳ ಮೇಲೆ. 2019ರ ಮೇ ತಿಂಗಳಲ್ಲಿ ಟೆಸ್ಲಾ ಕಳುಹಿಸಿದ ಒಂದು ಅಪ್‌ಡೇಟಿನಿಂದ ಕೆಲವು ಮಾಡೆಲ್ ಎಸ್ ಕಾರುಗಳ ಬ್ಯಾಟರಿಗೆ ತುಂಬಿಸಬಹುದಾದ ಗರಿಷ್ಠ ವೋಲ್ಟೇಜೇ ತಗ್ಗಿತು. ಅಲ್ಲಿ ಅಂಕಿ ಮಾತ್ರ ಬದಲಾದದ್ದಲ್ಲ, ಮಾಲೀಕರಿಗೆ ಸಿಗುವ ಚಾರ್ಜೇ ಕಡಿಮೆಯಾಯಿತು. ಅವರು ಕೋರ್ಟಿಗೆ ಹೋದರು. 2021ರಲ್ಲಿ 15 ಲಕ್ಷ ಡಾಲರಿಗೆ ರಾಜಿಯಾಗಿ, 1,743 ಕಾರುಗಳಿಗೆ ತಲಾ 625 ಡಾಲರ್ ಎಂದು ತೀರ್ಮಾನವಾಯಿತು.

ನೋಡಿ, ಮೂರು ಕತೆ. ಒಂದರಲ್ಲಿ ಬ್ಯಾಟರಿ ಸರಿ, ಅಂಕಿ ತಪ್ಪು. ಇನ್ನೊಂದರಲ್ಲಿ ಅಂಕಿ ಸರಿ, ಬ್ಯಾಟರಿ ಸವೆದದ್ದು. ಮೂರನೆಯದರಲ್ಲಿ ಬ್ಯಾಟರಿಗೇ ಬೀಗ. ಡ್ಯಾಶ್‌ಬೋರ್ಡಿನ ಮುಂದೆ ಕೂತವನಿಗೆ ಮೂರೂ ಒಂದೇ ಥರ ಕಾಣುತ್ತದೆ. ನಿನ್ನೆಗಿಂತ ಇವತ್ತು ಕಡಿಮೆ, ಅಷ್ಟೇ. ನನ್ನದು ಯಾವ ಕತೆ ಎಂದು ತಿಳಿಯುವುದು ಹೇಗೆ?

ಮನೆಯಲ್ಲಿ ಚಾರ್ಜಿಂಗಿಗೆ ಬೇರೆ ಸಣ್ಣ ಮೀಟರು ಹಾಕಿಸಿದ್ದೆ, ಬಿಲ್ಲಿನ ಲೆಕ್ಕಕ್ಕೆ. ಮೇಷ್ಟ್ರ ಅಭ್ಯಾಸ, ಕಾರು ಕೊಂಡಾಗಿನಿಂದ ಒಂದು ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಒಂದು ಶನಿವಾರ ಇಪ್ಪತ್ತಕ್ಕೆ ಇಳಿಸಿ, ನೂರಕ್ಕೆ ತುಂಬಿಸಿ, ಎಷ್ಟು ಯೂನಿಟ್ ಹೋಯಿತೆಂದು ಹಳೆಯದರ ಜೊತೆ ಹೋಲಿಸಿದೆ. ಬಹಳ ಹೆಮ್ಮೆಯಿಂದ ಅದನ್ನು ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಆ ಇಪ್ಪತ್ತು ಅಂತ ಹೇಳಿದ್ದೂ ಅದೇ ಕಾರಲ್ವಾ?"

ನಾನು ಚಾಕ್ ಹಿಡಿದುಕೊಂಡು ಹಾಗೇ ನಿಂತೆ. ಹೌದಲ್ಲ! ಯಾರ ಮೇಲೆ ಸಂಶಯವೋ ಅವನನ್ನೇ ಸಾಕ್ಷಿಗೆ ಕರೆದ ಹಾಗಾಯಿತು. ಕೊನೆಗೆ ತರಗತಿಯೇ ಸೇರಿ ಉಪಾಯ ಹೇಳಿತು. ಪೂರ್ತಿ ಖಾಲಿಯ ಹತ್ತಿರ ತಂದು ತುಂಬಿಸಿದರೆ ಕಾರಿನ ಮಾತಿನ ಮೇಲೆ ನಿಲ್ಲಬೇಕಾದದ್ದು ಸ್ವಲ್ಪವೇ. ಅದೃಷ್ಟಕ್ಕೆ, ಕೊಂಡ ಹೊಸತರಲ್ಲಿ ಒಮ್ಮೆ ಹುಮ್ಮಸ್ಸಿನಲ್ಲಿ ನಾಲ್ಕು ಶೇಕಡಾಕ್ಕೆ ಇಳಿಸಿ ಮನೆ ಸೇರಿದ್ದೆ. ಆ ದಿನ ತುಂಬಲು ಹಿಡಿದದ್ದು 29 ಯೂನಿಟ್ ಎಂದು ಪುಸ್ತಕದಲ್ಲಿತ್ತು. ಮುಂದಿನ ಭಾನುವಾರ ಮನೆಯ ಹತ್ತಿರದಲ್ಲೇ ಸುತ್ತಿ ಸುತ್ತಿ ಐದಕ್ಕೆ ಇಳಿಸಿದೆ. (ನನ್ನಾಕೆ ಕೇಳಿದ್ದು, "ನಿಮಗೆ ಎಂತ ಮಾಡಲಿಕ್ಕೂ ಕೆಲಸ ಇಲ್ವಾ?") ಅದೇ ಪ್ಲಗ್, ಅದೇ ಮೀಟರು. ತುಂಬಲು ಹಿಡಿದದ್ದು 28 ಯೂನಿಟ್. ಚಾರ್ಜ್ ಮಾಡುವಾಗ ಬಿಸಿಯಾಗಿ ಹೋಗುವ ಪಾಲು ಇದರಲ್ಲಿ ಸೇರಿದೆ, ಆದರೆ ಅದು ಎರಡು ಸಲಕ್ಕೂ ಇದೆ.

ಕಾರಿನ ಪ್ರಕಾರ 240 ಹೋಗಿ 208, ಅಂದರೆ ಹದಿಮೂರು ಶೇಕಡಾ ನಷ್ಟ. ಮೀಟರಿನ ಪ್ರಕಾರ 29 ಹೋಗಿ 28, ಹೆಚ್ಚೆಂದರೆ ಮೂರು ಶೇಕಡಾ. ಬ್ಯಾಟರಿ ಹೋಗಿರಲಿಲ್ಲ. 240 ಎಂಬುದೇ ನಮ್ಮ ರಸ್ತೆಗೆ, ನಮ್ಮ ಸೆಕೆಗೆ, ನನ್ನ ಎ.ಸಿ.ಗೆ ಹೊಂದದ ಅಂಕಿಯಾಗಿತ್ತು. ನನ್ನ ಪುಸ್ತಕ ನೋಡಿದರೆ 210 ದಾಟಿ ಓಡಿದ್ದು ಒಂದು ಸಲವೂ ಇಲ್ಲ! ಖುಷಿ ಕೊಟ್ಟ ಅಂಕಿ ನನ್ನನ್ನು ಅಮ್ಮನ ಜೊತೆ ರಾತ್ರಿ ದಾರಿಯಲ್ಲಿ ನಿಲ್ಲಿಸಿತ್ತು. ಬೇಸರ ತರಿಸಿದ ಅಂಕಿ ಈಗ ಹೇಳಿದಷ್ಟು ದೂರ ತಲುಪಿಸುತ್ತಿದೆ. ಆದರೆ ಏನು ಬದಲಾಯಿಸಿದ್ದೇವೆ ಎಂದು ನಾಲ್ಕು ಸಾಲು ಬರೆದು ಕೊಟ್ಟಿದ್ದರೆ ನನಗೆ ಆ ಒಂದು ತಿಂಗಳ ನಿದ್ದೆ ಉಳಿಯುತ್ತಿತ್ತು.

ಈ ಬಗ್ಗೆ ಜಗತ್ತು ಸುಮ್ಮನೆ ಕೂತಿಲ್ಲ. 2022ರಲ್ಲಿ ವಿಶ್ವಸಂಸ್ಥೆಯ ಅಡಿಯಲ್ಲಿ ಒಂದು ನಿಯಮ ಒಪ್ಪಿಗೆಯಾಯಿತು. ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ತನಕ ಕಾರಿನ ಬ್ಯಾಟರಿ 80 ಶೇಕಡಾ, ಎಂಟು ವರ್ಷ ಅಥವಾ 1,60,000 ಕಿ.ಮೀ. ತನಕ 70 ಶೇಕಡಾ ಉಳಿದಿರಬೇಕು ಎಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ಕಾರು ತೋರಿಸುವ ಅಂಕಿ ನಿಜವೇ ಎಂದು ಬೇರೆಯಾಗಿ ಅಳೆದು ನೋಡಬೇಕು ಎಂದೂ ಹೇಳುತ್ತದೆ. ನಮ್ಮ ಒಂಬತ್ತನೇ ತರಗತಿಯ ಹುಡುಗಿ ಕೇಳಿದ್ದೂ ಅದನ್ನೇ.

ಗಡಿಯ ಈಚೆಗಿನ ಕನ್ನಡ ಶಾಲೆಯವರಿಗೆ ಇದು ಹೊಸ ವಿಷಯವೇನಲ್ಲ. ಜೂನಿನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ನಮ್ಮಲ್ಲಿ ತಲೆಯೆಣಿಕೆ. ಆ ಅಂಕಿಯ ಮೇಲೆ ಡಿವಿಷನ್ ಉಳಿಯುವುದು, ಅಧ್ಯಾಪಕರ ಹುದ್ದೆ ಉಳಿಯುವುದು. ಪ್ರತಿವರ್ಷ ಆ ವಾರ ನಾವು ಮನೆ ಮನೆ ಹತ್ತುತ್ತೇವೆ. ಎರಡು ಕಡಿಮೆ ಎಂದರೆ ಕನ್ನಡದ ಮಕ್ಕಳೇ ಇಲ್ಲ ಎಂದಲ್ಲ, ಒಬ್ಬನಿಗೆ ಜ್ವರ, ಇನ್ನೊಬ್ಬಳ ಕಾಗದ ಸರಿಯಾಗಿಲ್ಲ ಎಂದೂ ಇರಬಹುದು. ಹಾಗೆಯೇ ಎರಡು ಹೆಚ್ಚಾಯಿತೆಂದು ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ. ಒಳಗೆ ನಿಜವಾಗಿ ಸವೆಯುತ್ತಿರುವುದು ಏನಾದರೂ ಇದ್ದರೆ ಅದನ್ನೂ ನಾವೇ ನೋಡಬೇಕು.

ಮೊನ್ನೆ ಮತ್ತೆ ಮಂಗಳೂರಿಗೆ ಹೋಗಿ ಬಂದೆವು. ಹೊರಡುವಾಗ ನೂರು, ಮನೆ ಸೇರುವಾಗ ನಲ್ವತ್ತಾರು. ಉಪ್ಪಳ ಬರುವಾಗ ಅಮ್ಮ ಎಚ್ಚರವಾಗಿದ್ದರು. "ಎಷ್ಟು ತೋರಿಸ್ತದೆ ಮಗ?" ಎಂದು ಕೇಳಿದರು. ಹೇಳಿದೆ. "ಪುಸ್ತಕದಲ್ಲಿ ಬರೆದಿಡು" ಎಂದರು.

ಬರೆದಿಟ್ಟಿದ್ದೇನೆ.